ಮೂವತ್ತೇಳನೇ ಹೆಜ್ಜೆ

ಹನ್ನೊಂದನೇ ಹೆಜ್ಜೆ ಮುಗಿದು ಹನ್ನೆರಡನೆಯದು ಶುರುವಾಗುವಷ್ಟರಲ್ಲಿ ಮೇಸ್ತ್ರಿಯ ಮನಸ್ಸು ಆಗಲೇ ಮೂವತ್ತೇಳನೆಯದರ ಬಾಗಿಲಿಗೆ ಹೋಗಿ ನಿಂತಿತ್ತು. ಮೈ ಮಾತ್ರ ಕುರ್ಚಿಯಲ್ಲಿತ್ತು. ಪಕ್ಕದಲ್ಲಿ ಸೊಸೆ, ಅವಳೆದುರು ಅವಳ ಕಂಪ್ಯೂಟರು, ಇಬ್ಬರ ನಡುವೆ ಮೇಜಿನ ಮೇಲೆ ಅವನ ನೋಟ್‌ಬುಕ್ಕು. ಅದಕ್ಕೆ ಹಳೇ ಕ್ಯಾಲೆಂಡರಿನ ಹಾಳೆಯ ಹೊದಿಕೆ. ಒಳಗೆ ಅರವತ್ತೊಂದು ಹೆಜ್ಜೆಗಳು, ಎಲ್ಲವೂ ಅವನದೇ ಕೈಬರಹ, ಅಕ್ಷರಗಳು ತುಂಬಿದ ಬಸ್ಸಿನಲ್ಲಿ ನಿಂತವರ ಹಾಗೆ ಒಂದರ ಮೇಲೊಂದು ವಾಲಿಕೊಂಡಿದ್ದವು. ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿ ಮುದ್ರಿಸಿ ಕಳಿಸುವ ಆ ಸಂಸ್ಥೆಯಲ್ಲಿ ಹತ್ತೊಂಬತ್ತು ಕೋಣೆಗಳು, ಕೋಣೆಗೊಂದು ಕಂಪ್ಯೂಟರು, ಒಂದು ಮೈಕು. ಯಾವುದು ಕೆಟ್ಟು ಮಲಗಿದರೂ ಮೇಸ್ತ್ರಿ ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ, ಒಂದನೇ ಹೆಜ್ಜೆಯಿಂದ ಅರವತ್ತೊಂದನೆಯದರವರೆಗೆ ನಡೆದುಬಿಟ್ಟರೆ ಸಾಕು, ಯಂತ್ರ ಎದ್ದು ಕೂತು ಕಿವಿ ನಿಮಿರಿಸುತ್ತಿತ್ತು. ಇದನ್ನು ಒತ್ತು. ಅದನ್ನು ತೆರೆ. ಹಳದಿ ಚೌಕ ಬಂದರೆ ಹೌದು ಅನ್ನು. ಕೆಂಪು ಚೌಕ ಬಂದರೆ ಎದ್ದು ಹೋಗಿ ನೀರು ಕುಡಿದು ಬಾ. ನಾಲ್ಕನೇ ತರಗತಿಯಲ್ಲೇ ಶಾಲೆಗೆ ಕೈಮುಗಿದು ಬಂದವನು, ಇಪ್ಪತ್ತೆರಡು ವರ್ಷದ ಕೆಳಗೆ ಗೋಡೆಗೆ ವೈರು ಎಳೆಯಲು ಎರಡು ದಿನದ ಮಟ್ಟಿಗೆ ಬಂದವನು, ಆ ಎರಡು ದಿನ ಇನ್ನೂ ಮುಗಿದಿರಲಿಲ್ಲ.

ನಾಳೆ ಬೆಳಿಗ್ಗೆ ಹತ್ತೊಂಬತ್ತು ಹೊಸ ಕಂಪ್ಯೂಟರುಗಳು ಬರುವುದಿದ್ದವು. ಅವನ್ನು ಮೇಸ್ತ್ರಿಯ ನೋಟ್‌ಬುಕ್ಕಿನ ದಾರಿಯಲ್ಲಿ ಸಜ್ಜು ಮಾಡುವುದೋ ಸೊಸೆಯ ಹಾಳೆಯ ದಾರಿಯಲ್ಲೋ, ಇಬ್ಬರೂ ಕೂತು ತೀರ್ಮಾನಿಸಿ ಇವತ್ತು ನಾಲ್ಕು ಗಂಟೆಯ ಚಹಾದ ಹೊತ್ತಿಗೆ ತಿಳಿಸಿ ಎಂದು ಡೈರೆಕ್ಟರು ಹೇಳಿದ್ದರು. ಸೊಸೆ ಕಂಪ್ಯೂಟರುಗಳ ಮೇಲ್ವಿಚಾರಕಿಯಾಗಿ ಇಲ್ಲಿಗೆ ಬಂದು ಐದು ತಿಂಗಳಾಗಿತ್ತು; ಅಂದರೆ ಮನೆಯಲ್ಲಿ ಮಾವನಾದವನು ಇಲ್ಲಿ ಅವಳ ಕೈಕೆಳಗಿನವನು. ಮೊದಲ ದಿನ ಅವಳು ಹತ್ತು ಜನರ ಎದುರಿಗೆ ಅವನನ್ನು ಸರ್ ಎಂದಳು, ಅವನು ಅವಳನ್ನು ಮೇಡಂ ಎಂದ, ಕಾರಿಡಾರಿನ ಗೋಡೆಗಳೂ ನಕ್ಕವು. ಆಮೇಲೆ ಅವಳು ಮಾವ ಎಂದೇ ಕರೆಯತೊಡಗಿದಳು. ಅವಳನ್ನು ನೋಡಿ ಓದುವವರು, ಗುಡಿಸುವವಳು, ಅಂಚೆಯವನು ಎಲ್ಲರಿಗೂ ಅವನು ಮಾವನಾದ. ಒಂದು ದಿನ ಡೈರೆಕ್ಟರೇ ಬಾಯಿತಪ್ಪಿ ಮಾವ ಎಂದುಬಿಟ್ಟಾಗ, ಈ ವಿಷಯ ಯಾರಿಗೂ ಗೊತ್ತಾಗುವುದು ಬೇಡ ಎಂದು ಮೇಸ್ತ್ರಿ ಒಂದು ವಾರ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಸೊಸೆಯ ಹಾಳೆಯಲ್ಲಿ ಹೆಜ್ಜೆಗಳೇ ಇರಲಿಲ್ಲ. ಇದನ್ನು ಮಾಡು, ಅದನ್ನು ಮಾಡು ಎಂಬ ಮಾತೇ ಇಲ್ಲ. ಪ್ರತಿ ಸಾಲಿನ ಕೊನೆಗೂ ಇರಬೇಕು, ಇರಬೇಕು. ಮೈಕು ಇಂಥದ್ದಿರಬೇಕು. ಗಡಿಯಾರ ಸರಿಯಿರಬೇಕು. ಓದಿದ್ದು ಇಂಥ ಜಾಗದಲ್ಲಿ ಉಳಿದಿರಬೇಕು. ಯಂತ್ರ ಆ ಹಾಳೆ ಓದಿಕೊಂಡು ತನ್ನನ್ನು ತಾನು ನೋಡಿಕೊಂಡು, ಏನು ಕಡಿಮೆಯಿದೆಯೋ ಅದನ್ನಷ್ಟೇ ಮಾಡಿಕೊಳ್ಳುತ್ತದಂತೆ. ಎಲ್ಲವೂ ಸರಿಯಿದ್ದರೆ ಸುಮ್ಮನೆ ಇರುತ್ತದಂತೆ. ಅವನದಕ್ಕೆ ಮಾಡು ಪುಸ್ತಕ ಎಂದೂ ಅವಳದಕ್ಕೆ ಇರಬೇಕು ಹಾಳೆ ಎಂದೂ ಗುಡಿಸುವವಳು ಹೆಸರಿಟ್ಟಿದ್ದಳು.

ಈ ಎರಡು ದಾರಿಗಳೂ ಮೇಸ್ತ್ರಿಗೆ ಹೊಸವೇನಲ್ಲ, ಮನೆಯಲ್ಲೇ ಇದ್ದವು. ಅವನ ಹೆಂಡತಿ ಮೂವತ್ತು ವರ್ಷದಿಂದ ಮಾಡು ಪುಸ್ತಕದವಳು. ಏಳಿ, ಬಕೆಟ್ಟು ತಗೊಳ್ಳಿ, ಅದಲ್ಲ, ನೀಲಿದು, ನಲ್ಲಿ ಕೆಳಗಿಡಿ, ಪೂರ್ತಿ ತಿರುಗಿಸಬೇಡಿ ಅಂದೆ, ಈಗ ನಿಲ್ಲಿಸಿ, ತನ್ನಿ, ಚೆಲ್ಲಬೇಡಿ, ಚೆಲ್ಲಿದಿರಿ. ಅವಳ ಮಾತಿನ ಹಿಂದೆ ನಡೆಯುತ್ತಿದ್ದಾಗ ಅವನ ತಲೆ ಹಗುರವಾಗಿರುತ್ತಿತ್ತು, ಒಂದು ಕಡೆ ಕೈ ಓಡಿದರೆ ಇನ್ನೊಂದು ಕಡೆ ಕತೆ ಹುಟ್ಟುತ್ತಿತ್ತು. ಒಮ್ಮೆ ಅವಳು ಮಾತಿನ ನಡುವೆ ಪಕ್ಕದ ಮನೆಯವಳ ಜೊತೆ ಹರಟೆಗೆ ನಿಂತು ಮರೆತಿದ್ದಕ್ಕೆ ಅವನು ಏಣಿಯ ಮೇಲೆ ಮುಕ್ಕಾಲು ಗಂಟೆ ಮುಂದಿನ ಅಪ್ಪಣೆಗಾಗಿ ಕಾದಿದ್ದ, ಅಷ್ಟರಲ್ಲಿ ಗುಬ್ಬಿಯೊಂದು ಬಂದು ಅವನ ತಲೆಯ ಮೇಲೆ ಗೂಡಿಗೆ ಜಾಗ ಅಳೆದು ಹೋಗಿತ್ತು. ಸೊಸೆ ಹಾಗಲ್ಲ. ಅವಳು ಚಪ್ಪಲಿ ಮೆಟ್ಟುತ್ತ, ಸಂಜೆ ಹೊತ್ತಿಗೆ ಈ ಬಾಗಿಲು ಕಿರುಗುಟ್ಟಬಾರದು ಮಾವ, ಎಂದು ಹೋಗಿಬಿಡುತ್ತಿದ್ದಳು. ಎಣ್ಣೆ ಎಲ್ಲಿದೆ, ಯಾವ ಕೀಲಿಗೆ, ಎಷ್ಟು, ಒಂದೂ ಇಲ್ಲ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಇದು ದೊಡ್ಡವರ ಮೇಲಿನ ದರ್ಪ ಎಂದೇ ಅವನಿಗೆ ಅನ್ನಿಸಿತ್ತು. ಆಮೇಲೊಂದು ದಿನ, ಬಾಗಿಲನ್ನು ಚೌಕಟ್ಟಿನಿಂದಲೇ ಕಳಚಿ, ಕೆಳಗಿನ ಅಂಚು ಉಜ್ಜಿ, ಮತ್ತೆ ಕೂರಿಸಿ, ಅವಳು ಬರುವುದನ್ನೇ ಕಾಯುತ್ತ ಕೂತಿದ್ದಾಗ, ಈ ಹುಡುಗಿ ನನಗೆ ಬುದ್ಧಿಯಿದೆ ಎಂದು ತಿಳಿದುಕೊಂಡಿದ್ದಾಳೆ ಎಂದು ಹೊಳೆದು ಅವನಿಗೆ ಸಂತೋಷಕ್ಕಿಂತ ಹೆಚ್ಚಾಗಿ ಗಾಬರಿಯಾಗಿತ್ತು.

ಈಗ ಅವಳು ಅವನ ಪುಸ್ತಕವನ್ನು ಪಕ್ಕಕ್ಕೆ ತಳ್ಳಲಿಲ್ಲ, ಅದೇ ಅವನಿಗೆ ಕಷ್ಟವಾಗಿದ್ದು. ತಳ್ಳಿದ್ದರೆ ಮುನಿಸಿಕೊಂಡು ಎದ್ದು ಹೋಗಬಹುದಿತ್ತು. ಅವಳು ಒಂದೊಂದು ಹೆಜ್ಜೆಯನ್ನೂ ಓದಿ, ಇದು ಯಾಕೆ, ಇದಾದ ಮೇಲೆ ಏನಿರುತ್ತೆ ಎಂದು ಕೇಳಿ, ಅವನು ಹೇಳಿದ್ದನ್ನು ಹಾಳೆಯ ಒಂದು ಸಾಲಾಗಿ ಬರೆಯುತ್ತಿದ್ದಳು. ಹತ್ತೊಂಬತ್ತನೇ ಹೆಜ್ಜೆ, ಪೆಟ್ಟಿಗೆಯ ಬಲಗೆನ್ನೆಗೆ ಮೆಲ್ಲಗೆ ಒಂದು ಏಟು. ಅವಳು ತಲೆಯೆತ್ತಿದಳು. ಒಳಗಿನ ಫ್ಯಾನು ಗೊರಕೆ ಹೊಡೆಯುವುದು ನಿಲ್ಲುತ್ತದೆ ಎಂದು ಅವನು ವಿವರಿಸಿದ. ಆ ಫ್ಯಾನುಗಳು ಮೊದಮೊದಲು ಎಂಥ ಜೋರಿನವೆಂದರೆ ಐದನೇ ಕೋಣೆಯದು ತಿರುಗಿದರೆ ಹಿಂದಿನ ಬೀದಿಯಲ್ಲಿ ಒಗೆದು ಹಾಕಿದ ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುತ್ತಿತ್ತು. ಫ್ಯಾನು ಸದ್ದು ಮಾಡಬಾರದು ಎಂದು ಅವಳು ಬರೆದುಕೊಂಡು, ಏಟು ಮಾತ್ರ ನೀವೇ ಕೊಡಬೇಕಾಗುತ್ತೆ ಮಾವ ಎಂದು ನಕ್ಕಳು. ಇಪ್ಪತ್ತೆರಡನೆಯದರಲ್ಲಿ ಅವನೇ ಸಿಕ್ಕಿಬಿದ್ದ. ಅದನ್ನು ಮರೆತು ಎರಡು ಸಲ ಮಾಡಿದರೆ ಇರುವ ಒಂದು ಮೈಕಿಗೆ ಯಂತ್ರದಲ್ಲಿ ಎರಡು ಹೆಸರು ಬಂದು, ಯಾವ ಹೆಸರಿಗೆ ಓಗೊಡುವುದೆಂದು ತಿಳಿಯದೆ ಮೈಕು ಮೂಕವಾಗುತ್ತಿತ್ತು. ಹಾಗಾಗಿ ಯಾರಾದರೂ ನಡುವೆ ಮಾತಾಡಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ ಎಂದು ಅವನು ಒಪ್ಪಿಕೊಂಡ. ಅವಳು ತನ್ನ ಹಾಳೆಯನ್ನು ಅವನೆದುರೇ ಮೂರು ಸಲ ಓಡಿಸಿ ತೋರಿಸಿದಳು. ಮೊದಲನೇ ಸಲ ಯಂತ್ರ ಏನೇನೋ ಮಾಡಿತು. ಆಮೇಲೆರಡು ಸಲ ಏನೂ ಮಾಡಲಿಲ್ಲ, ಎಲ್ಲ ಸರಿಯಿದೆ ಎಂದಷ್ಟೇ ಹೇಳಿತು. ಇಂಥ ಕೆಲಸಗಾರನನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ಮೆಚ್ಚುಗೆ ಬಾಯಿಗೆ ಬಂತು, ಹಿಂದೆಯೇ ಮೂವತ್ತೇಳು ಎಂಬುದು ನೆನಪಾಗಿ ಪುಸ್ತಕದ ಪುಟ ತಿರುವಿದ.

ಮೂವತ್ತೇಳನೇ ಹೆಜ್ಜೆ ಓದಲು ಬಹಳ ಸುಲಭದ್ದು. ಶಬ್ದದ ಪುಟ ತೆರೆ, ಬಲಗಡೆಯ ಕೊನೇ ಗುಂಡಿಯನ್ನು ಹೆಬ್ಬೆರಳಿನ ಅಗಲದಷ್ಟು ಕೆಳಕ್ಕೆ ಎಳೆ. ಸೊಸೆ ಗಲ್ಲಕ್ಕೆ ಕೈಕೊಟ್ಟು ಇದು ಯಾಕೆ ಎಂದು ಕೇಳಿದಳು. ಎಷ್ಟೋ ಜನ ಕೇಳಿದ್ದರು, ಎಲ್ಲರಿಗೂ ಹೇಳಿದ್ದನ್ನೇ ಅವನು ಅವಳಿಗೂ ಹೇಳಿದ. ಬಹಳ ವರ್ಷದ ಹಿಂದೆ ಈ ಕಟ್ಟಡದ ನೆತ್ತಿಗೆ ಸಿಡಿಲು ಬಡಿದದ್ದು, ಅದು ವೈರಿನೊಳಗೆ ಇಳಿದು ಹತ್ತೊಂಬತ್ತೂ ಕೋಣೆ ಸುತ್ತಿ ಹೊರಗೆ ಹೋಗಲು ದಾರಿ ಕಾಣದೆ ಮೂರು ದಿನ ಅಲ್ಲೇ ಓಡಾಡುತ್ತಿದ್ದದ್ದು, ಓದುವವರು ಬಾಯಿ ತೆರೆದರೆ ಹಲ್ಲಿನ ಮೇಲೆ ಕಿಡಿ ಕಾಣುತ್ತಿದ್ದದ್ದು, ಕೊನೆಗೆ ತಾನು ಈ ಗುಂಡಿಯನ್ನು ಹೆಬ್ಬೆರಳಷ್ಟು ಎಳೆದು ಅದಕ್ಕೆ ಕಿಟಕಿಯ ದಾರಿ ತೋರಿಸಿದ್ದು. ಅವಳು ಅವನ ಎಲ್ಲ ಕತೆ ಕೇಳುವಂತೆಯೇ, ನಡುವೆ ಒಂದು ಸಲವೂ ರೆಪ್ಪೆ ಬಡಿಯದೆ, ಸಿಡಿಲಿನ ಮೇಲೆ ಕನಿಕರವಿದ್ದವಳಂತೆ ಕೇಳಿದಳು. ಮುಗಿದ ಮೇಲೆ ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟಳು.

"ಸರಿ. ಹಾಗಾದ್ರೆ ಏನಿರಬೇಕು ಅಂತ ಬರೀಲಿ ಮಾವ?"

ಅವನು ಬಾಯಿ ತೆರೆದ. ಸಿಡಿಲಿನ ಕತೆಯಿಂದ ಬರೆಯುವಂಥದ್ದು ಏನೂ ಹೊರಡಲಿಲ್ಲ. ಎಳೆ ಎಂದರೆ ಎಳೆದಾಯಿತು, ಅಲ್ಲಿಗೆ ಮುಗಿಯಿತು, ಕೈಗೆ ನಾಚಿಕೆಯಿಲ್ಲ. ಇರಬೇಕು ಎಂದರೆ ಬೇರೆ. ಎಲ್ಲರ ಧ್ವನಿಯೂ ಸ್ವಲ್ಪ ಸತ್ತಿರಬೇಕು ಎಂದು ಹೇಳಬೇಕಾಗುತ್ತಿತ್ತು. ಇದನ್ನು ನಾಲ್ಕು ಜನರ ಮುಂದೆ ಯಾವ ಮನುಷ್ಯ ತಾನೇ ಬಾಯಿಬಿಟ್ಟು ಬೇಡಿಯಾನು. ಅದನ್ನು ಆಮೇಲೆ ನೋಡೋಣ ಎಂದ. ಅವಳು ಆ ಸಾಲನ್ನು ಖಾಲಿ ಬಿಟ್ಟು ಮೂವತ್ತೆಂಟಕ್ಕೆ ಹೋದಳು. ಆ ಖಾಲಿ ಸಾಲು ತೆರೆಯ ಮೇಲೆ, ಬಿದ್ದ ಹಲ್ಲಿನ ಸಂದಿಯ ಹಾಗೆ ಕಾಣುತ್ತಿತ್ತು, ಮಿಕ್ಕದ್ದೆಲ್ಲ ಬಿಟ್ಟು ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಹಲ್ಲಿನಿಂದಲೇ ಅಲ್ಲವೇ ಶುರುವಾಗಿದ್ದು. ಏಳನೇ ಕೋಣೆಯಲ್ಲಿ ಓದುವ ಟೀಚರಮ್ಮ, ನಿವೃತ್ತರಾದ ಮಾರನೇ ದಿನದಿಂದಲೇ ಇಲ್ಲಿಗೆ ಬಂದು ಓದತೊಡಗಿದವರು, ಹನ್ನೊಂದು ವರ್ಷದ ಹಿಂದೆ ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬಂದರು. ಅವತ್ತು ಅವರು ಓದಿದ್ದನ್ನು ಕೇಳಿದರೆ ಪ್ರತಿ ಸಾಲಿನಲ್ಲೂ ಯಾರೋ ದೂರದಿಂದ ಸಿಳ್ಳೆ ಹಾಕಿ ದನ ಕರೆದಂತಿತ್ತು. ಅವರಿಗೆ ಹೇಳಲು ಮೇಸ್ತ್ರಿಗೆ ಮನಸ್ಸು ಬರಲಿಲ್ಲ. ಟ್ರೆಬಲ್ ಎಂಬ ಗುಂಡಿ, ಧ್ವನಿಯ ಮೇಲಿನ ಚೂಪನ್ನು ಏರಿಸಿ ಇಳಿಸುವಂಥದ್ದು, ಅದನ್ನು ಹೆಬ್ಬೆರಳಿನಷ್ಟು ಎಳೆದ, ಸಿಳ್ಳೆ ನಿಂತಿತು. ಅಷ್ಟು ಒಳ್ಳೆಯ ಕೆಲಸ ಅವನು ಆ ವರ್ಷ ಇನ್ನೊಂದು ಮಾಡಿರಲಿಲ್ಲ, ಹೆಮ್ಮೆಯಿಂದ ಮರೆಯದಿರಲಿ ಎಂದು ಪುಸ್ತಕದಲ್ಲಿ ಬರೆದಿಟ್ಟ. ಯಾರಿಗಾಗಿ ಎಂದು ಬರೆಯಲಿಲ್ಲ, ಅದು ತನಗೆ ಗೊತ್ತೇ ಇದೆಯಲ್ಲ ಎಂದು. ಮುಂದಿನ ತಿಂಗಳು ಎಲ್ಲ ಕೋಣೆಗಳ ಯಂತ್ರ ಬದಲಾದವು. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಹತ್ತೊಂಬತ್ತು ಸಲ ಅರವತ್ತೊಂದು ಹೆಜ್ಜೆ ನಡೆದ. ನಡೆಯುವಾಗ ಕೈ ನಡೆಯುತ್ತಿತ್ತು, ತಲೆ ಎಲ್ಲೋ ಯಾವುದೋ ಕತೆಯ ಜೊತೆಗಿತ್ತು. ಹೀಗೆ ಒಬ್ಬರ ಹಲ್ಲಿಗೆ ಕೊಟ್ಟ ಮದ್ದನ್ನು ಊರಿಗೆಲ್ಲ ಕುಡಿಸಿದ. ಭಾರದ ಧ್ವನಿಯವರಿಗೆ ಏನೂ ಆಗಲಿಲ್ಲ, ಒಂದಿಷ್ಟು ಮಂಕಾಯಿತು, ಯಾರೂ ಗಮನಿಸಲಿಲ್ಲ. ಹನ್ನೆರಡನೇ ಕೋಣೆಯ ತೆರೆ ಮಾತ್ರ ಎಲ್ಲಕ್ಕಿಂತ ಚಿಕ್ಕದು, ಅವನ ಹೆಬ್ಬೆರಳು ಅಲ್ಲಿಯೂ ಅಷ್ಟೇ ದಪ್ಪ, ಗುಂಡಿ ನೆಲ ಮುಟ್ಟಿತ್ತು.

ಆ ಕೋಣೆಗೆ ನಾಲ್ಕು ವರ್ಷದ ಹಿಂದೆ ದರ್ಜಿ ಬಂದ. ವಾರಕ್ಕೆ ಮೂರು ದಿನ ಅಂಗಡಿ ಮುಚ್ಚುವ ಹೊತ್ತಿಗೆ ಕೊರಳಲ್ಲಿ ಅಳತೆಯ ಟೇಪು ಹಾಗೇ ಇರುವಂತೆ ಬರುತ್ತಿದ್ದ, ಹಡಗಿನ ಪ್ರಯಾಣದ ಒಂದು ದಪ್ಪ ಪುಸ್ತಕ ಹಿಡಿದಿದ್ದ. ಅವನದು ತೆಳ್ಳಗಿನ, ಬೆಳ್ಳಗಿನ ಧ್ವನಿ. ಇರುವುದೆಲ್ಲ ಮೇಲೆಯೇ, ತೆಂಗಿನ ಮರದ ಹಾಗೆ. ಆ ಮೇಲಿನದನ್ನೇ ಕೊಯ್ದರೆ ಉಳಿಯುವುದು ಬೋಳು ಕಾಂಡ. ಕಣ್ಣು ಕಾಣದ ಕೇಳುಗರಿಂದ ಕಾಗದಗಳು ಬಂದವು: ಕತೆ ಚೆನ್ನಾಗಿದೆ, ಓದುವವರು ಕಂಬಳಿ ಹೊದ್ದು ಓದುತ್ತಿದ್ದಾರೆಯೇ ಎಂದು. ಡೈರೆಕ್ಟರು ಬಹಳ ಮರ್ಯಾದೆಯಿಂದಲೇ ದರ್ಜಿಗೆ ಹೇಳಿದರು. ಅವನು ಬಾಯಿ ಇನ್ನಷ್ಟು ಅಗಲ ತೆರೆದು ಓದಿದ, ನೆಟ್ಟಗೆ ಕೂತು ಓದಿದ, ಬಿಸಿನೀರು ಕುಡಿದು ಓದಿದ, ಒಂದು ವರ್ಷ ಹೆಣಗಿದ. ಕಾಗದಗಳು ನಿಲ್ಲಲಿಲ್ಲ. ಒಂದು ಸಂಜೆ ಕೋಣೆಯ ಬೀಗದ ಕೈಯನ್ನು ಮೇಸ್ತ್ರಿಯ ಅಂಗೈಯಲ್ಲಿಟ್ಟು, ನನ್ನ ಗಂಟಲು ಈ ಕೆಲಸಕ್ಕೆ ಹುಟ್ಟಿದ್ದಲ್ಲ ಬಿಡಿ ಎಂದು ನಕ್ಕು ಹೋದ. ಎರಡು ದಿನದ ಮೇಲೆ ಆ ಕೋಣೆಯ ದೂಳು ಒರೆಸುತ್ತಿದ್ದಾಗ ನೆಲಕ್ಕೆ ಅಂಟಿದ ಗುಂಡಿ ಮೇಸ್ತ್ರಿಯ ಕಣ್ಣಿಗೆ ಬಿತ್ತು. ಅದನ್ನು ಮೇಲೆ ತಳ್ಳಲು ಬೆರಳು ಚಾಚಿ, ತಳ್ಳಿದರೆ ನಾಳೆ ಅಲ್ಲಿ ಓದುವವರ ಧ್ವನಿ ಇದ್ದಕ್ಕಿದ್ದಂತೆ ಬೆಳಗಿ, ಯಾಕೆ ಎಂದು ಯಾರಾದರೂ ಕೇಳಿ... ಬೆರಳು ಹಿಂದಕ್ಕೆ ಬಂತು. ಸಿಡಿಲಿನ ಕತೆ ಹುಟ್ಟಿದ್ದು ಆ ವಾರವೇ. ಮೂರು ವರ್ಷವಾಯಿತು. ದರ್ಜಿಯ ಅಂಗಡಿ ಅವನ ಮನೆಯ ದಾರಿಯಲ್ಲೇ ಇತ್ತು. ಮೂರು ವರ್ಷದಿಂದ ಅವನು ಔಷಧಿ ಅಂಗಡಿಯ ಕಡೆಯಿಂದ ಸುತ್ತಿಕೊಂಡು ಹೋಗುತ್ತಿದ್ದ. ಕಾಲಿಗೆ ವ್ಯಾಯಾಮ ಎಂದು ಮನೆಯಲ್ಲಿ ಹೇಳಿದ್ದ.

ಅರವತ್ತೊಂದೂ ಮುಗಿಯುವ ಹೊತ್ತಿಗೆ ಮೂರು ಗಂಟೆ. ಸೊಸೆ ಕೈ ಚಾಚಿ ಮೈಮುರಿದು, ಎದ್ದು ಹೋಗಿ ತನ್ನ ಬಾಟಲಿಗೂ ಅವನ ಬಾಟಲಿಗೂ ನೀರು ತುಂಬಿಸಿ ತಂದಿಟ್ಟಳು. ಆಮೇಲೆ, ಅವನ ಕಡೆಗೆ ನೋಡದೆಯೇ, ತನಗೊಂದು ಆಸೆಯಿದೆ ಎಂದಳು. ಚಹಾದ ಹೊತ್ತಿನಲ್ಲಿ ಈ ಹಾಳೆ ತನ್ನದು ಎಂದು ತಾನು ಹೇಳುವುದಿಲ್ಲ. ಇದರೊಳಗೆ ಇರುವ ಒಂದೊಂದು ಸಾಲೂ ಮಾವನಿಗೆ ಗೊತ್ತಿದ್ದದ್ದು, ತಾನು ಬರೆದುಕೊಂಡೆ ಅಷ್ಟೇ, ಹಾಗಾಗಿ ಎರಡರಲ್ಲಿ ಯಾವುದು ಎಂದು ಅವನೇ ಹೇಳಬೇಕು. ಅವನು ಮಾಡು ಪುಸ್ತಕವೇ ಸಾಕು ಎಂದರೆ ನಾಳೆ ತಾನೂ ಪಕ್ಕದಲ್ಲಿ ಕೂತು ಅರವತ್ತೊಂದು ಹೆಜ್ಜೆ ಓದಿ ಹೇಳುತ್ತೇನೆ ಎಂದಳು. ಇಷ್ಟು ಹೇಳಿ ಅವಳು ಬಾಟಲಿಯ ಮುಚ್ಚಳ ತಿರುಗಿಸಿದಳು. ಮೇಸ್ತ್ರಿಗೆ ಅವಳು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಮಾಡು ಪುಸ್ತಕ ಎಂದರೆ ಸಾಕು, ನಾಳೆ ಹತ್ತೊಂಬತ್ತು ಹೊಸ ಗುಂಡಿಗಳನ್ನು ತಾನೇ ಎಳೆಯಬಹುದು, ಅವಳು ಪಕ್ಕದಲ್ಲಿ ಕೂತು ಮೂವತ್ತೇಳು ಎಂದು ಓದುತ್ತಾಳೆ, ಅವನನ್ನು ಪೂರ್ತಿ ನಂಬಿದ ಆ ಧ್ವನಿಯಲ್ಲಿ. ಇರಬೇಕು ಹಾಳೆ ಎಂದರೆ ಖಾಲಿ ಸಾಲು ಖಾಲಿಯೇ ಉಳಿದು, ಹತ್ತೊಂಬತ್ತೂ ಕೋಣೆ ಬೆಳಗುತ್ತವೆ, ಟೀಚರಮ್ಮನ ಸಿಳ್ಳೆ ಊರಿಗೆಲ್ಲ ಕೇಳಿಸುತ್ತದೆ, ದರ್ಜಿಯ ವಿಷಯ ಯಾರಿಗೂ ಗೊತ್ತಾಗದೆ ಮಣ್ಣಾಗುತ್ತದೆ. ಈ ಕೊನೆಯದು ಎಷ್ಟು ಅನುಕೂಲವಾಗಿದೆ ಎಂದು ಮನಸ್ಸು ಒಳಗೇ ಲೆಕ್ಕ ಹಾಕಿದ್ದು ಅವನಿಗೇ ಕೇಳಿಸಿ ಕಿವಿ ಬಿಸಿಯಾಯಿತು.

ಅವನು ಹೇಳಿಬಿಟ್ಟ. ಕತೆಯ ಹಾಗಲ್ಲ, ಹಿಂದುಮುಂದಾಗಿ, ತಡವರಿಸಿ, ಹಲ್ಲಿನಿಂದ ಶುರು ಮಾಡಿ ಕಾಗದಗಳಿಗೆ ಹಾರಿ ಮತ್ತೆ ಹೆಬ್ಬೆರಳಿಗೆ ಬಂದು. ಒಂದು ಸುಳ್ಳೂ ಸೇರಿಸದೆ ಇಷ್ಟು ಹೊತ್ತು ಮಾತಾಡಿದ್ದು ಅವನ ಆಯುಷ್ಯದಲ್ಲಿ ಮೊದಲು. ನಾಲಿಗೆಗೆ ರುಚಿಯೇ ಹತ್ತಲಿಲ್ಲ. ಸೊಸೆ ಸಮಾಧಾನ ಹೇಳಲಿಲ್ಲ. ಹನ್ನೊಂದು ವರ್ಷದಲ್ಲಿ ಎಷ್ಟು ಪುಸ್ತಕ ಮುದ್ರಣವಾಗಿರಬಹುದು ಎಂದು ಕೇಳಿದಳು, ಸಾವಿರದ ಮೇಲೆ ಎಂದ. ಮುದ್ರಿಸಿಟ್ಟಿದ್ದರಲ್ಲಿ ಕೆಲವನ್ನು ಸರಿ ಮಾಡಬಹುದು, ಕೊಯ್ದು ಹೋದದ್ದು ಪೂರ್ತಿ ವಾಪಸ್ಸು ಬರುವುದಿಲ್ಲ ಎಂದಳು. ಆಮೇಲೆ ಬಹಳ ಹೊತ್ತು ಹೆಬ್ಬೆರಳಿನ ಉಗುರು ನೋಡಿಕೊಂಡಳು, ಅವಳದನ್ನಲ್ಲ, ಅವನದನ್ನು.

"ಮೂರು ವರ್ಷ. ಯಾಕೆ ಹೇಳ್ಲಿಲ್ಲ ಮಾವ?"

"ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲಮ್ಮ. ಮೊದಲನೇ ಹೆಜ್ಜೆನೇ ಸಿಗ್ಲಿಲ್ಲ."

ಮುಂದೇನು ಮಾಡಬೇಕು ಎಂದು ಅವಳು ಹೇಳುತ್ತಾಳೆ ಎಂದು ಅವನು ಕಾದ. ಹೆಂಡತಿಯಾಗಿದ್ದರೆ ಇಷ್ಟು ಹೊತ್ತಿಗೆ ಏಳಿ, ಚಪ್ಪಲಿ ಮೆಟ್ಟಿ, ಹೋಗಿ ಕಾಲಿಗೆ ಬೀಳಿ ಎಂದಿರುತ್ತಿದ್ದಳು, ಅವನು ಹಗುರಾಗಿ ಎದ್ದಿರುತ್ತಿದ್ದ. ಸೊಸೆ ಕುರ್ಚಿ ಹಿಂದಕ್ಕೆ ಸರಿಸಿ, ಕೀಲಿಮಣೆಯನ್ನು ಅವನ ಕಡೆಗೆ ತಿರುಗಿಸಿ, ಖಾಲಿ ಸಾಲಿನ ಮೇಲೆ ಬೆರಳಿಟ್ಟು, ಏನಿರಬೇಕೋ ನೀವೇ ಬರೀರಿ ಎಂದಳಷ್ಟೆ. ಒಂದು ಬೆರಳಿನಲ್ಲಿ, ಅಕ್ಷರಕ್ಕೊಂದು ನಿಟ್ಟುಸಿರಿನಂತೆ ಅವನು ಬರೆದ. ಎಲ್ಲ ಕೋಣೆ: ಧ್ವನಿ ಹೇಗಿದೆಯೋ ಹಾಗೇ ಇರಬೇಕು. ಕೆಳಗೆ ಇನ್ನೊಂದು ಸಾಲು, ಅದನ್ನು ಬರೆಯಲು ಇನ್ನೂ ಹೊತ್ತು ಹಿಡಿಯಿತು. ಹನ್ನೆರಡನೇ ಕೋಣೆ: ದರ್ಜಿ ಓದುತ್ತಿರಬೇಕು. ಸೊಸೆ ಅದನ್ನು ಎರಡು ಸಲ ಓದಿದಳು. ಇದನ್ನು ಯಂತ್ರ ಮಾಡಲಾರದು ಎಂದಳು. ಅಳಿಸುತ್ತಾಳೆ ಎಂದುಕೊಂಡ, ಅಳಿಸಲಿಲ್ಲ. ಸಾಲಿನ ಮುಂದೆ ಒಂದು ಸಣ್ಣ ಗುರುತು ಹಾಕಿದಳು. ಆ ಗುರುತು ಇದ್ದ ಸಾಲನ್ನು ಯಂತ್ರ ಓದುವುದಿಲ್ಲವಂತೆ, ಹಾಳೆ ತೆರೆದ ಮನುಷ್ಯರು ಓದುತ್ತಾರಂತೆ.

ಟೀಚರಮ್ಮನದು ಉಳಿದಿತ್ತು. ಅವರ ಹೆಸರಿನಲ್ಲಿ ಬೇರೆ ಸಾಲು ಬರೆಯಬಹುದು, ಆದರೆ ಹಾಳೆಯನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಅವರನ್ನು ಕೇಳದೆ ಬರೆಯುವುದು ಬೇಡ ಎಂದಳು ಸೊಸೆ. ಇಬ್ಬರೂ ಏಳನೇ ಕೋಣೆಗೆ ಹೋದರು. ಗಾಜಿನಾಚೆ ಅವರು ಯಾವುದೋ ಕಾದಂಬರಿಯ ಜಗಳವೊಂದನ್ನು ಎರಡೂ ಕಡೆಯ ಸಿಟ್ಟು ತಾವೇ ವಹಿಸಿಕೊಂಡು ಓದುತ್ತಿದ್ದರು. ಪುಟ ಮುಗಿಯುವವರೆಗೆ ನಿಂತು, ಒಳಗೆ ಹೋಗಿ, ಮೇಸ್ತ್ರಿ ನೆಲ ನೋಡಿಕೊಂಡು ಹಲ್ಲು, ಗಾಳಿ, ಒಂದು ಚೂರು ಸದ್ದು ಎಂದು ಏನೇನೋ ಸುತ್ತಿಬಳಸಿದ. ಟೀಚರಮ್ಮ ಕನ್ನಡಕ ಕೆಳಗಿಳಿಸಿದರು. ಎಪ್ಪತ್ತು ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚಿನವನನ್ನು ಹುಡುಕುವ ನೋಟ ಅದು.

"ಸಿಳ್ಳೆ ಅಂತ ಹೇಳೋಕೆ ಹನ್ನೊಂದು ವರ್ಷ ಬೇಕಾಯ್ತೇನೋ ನಿನಗೆ? ನನ್ನ ಮೊಮ್ಮಗಳು ಮೊದಲನೇ ದಿನಾನೇ ಹೇಳಿದ್ಲು. ಬರ್ಕೋ. ನನ್ನ ಹಲ್ಲು ಅಂತಲೇ ಬರ್ಕೋ."

ಚಹಾದ ಮೇಜಿನ ಸುತ್ತ ಆರು ಜನರಿದ್ದರು. ಡೈರೆಕ್ಟರು ಯಾವುದು ಎಂದು ಕೇಳಿದಾಗ ಮೇಸ್ತ್ರಿ ಇರಬೇಕು ಹಾಳೆ ಎಂದ. ಅವರು ಸೊಸೆಯ ಕಡೆಗೆ ತಿರುಗಿ ಅಭಿನಂದನೆಗೆ ಬಾಯಿ ತೆರೆಯುವಷ್ಟರಲ್ಲಿ, ಇನ್ನೊಂದು ಇದೆ ಎಂದು ಮಿಕ್ಕದ್ದನ್ನೂ ಹೇಳಿದ. ಈ ಸಲ ಸ್ವಲ್ಪ ಬೇಗ ಮುಗಿಯಿತು. ಡೈರೆಕ್ಟರು ಲೋಟವನ್ನು ಮೇಜಿನ ಮೇಲಿಟ್ಟರು. ಆ ಕಾಗದಗಳನ್ನು ತಾವೇ ದರ್ಜಿಗೆ ಓದಿ ಹೇಳಿದ್ದು ಎಂದರು, ಮೆಲ್ಲಗೆ, ಯಾರಿಗೋ ಹೇಳಿದಂತೆ. ಬೈಗುಳಕ್ಕೆ ಬೆನ್ನು ಕೊಟ್ಟು ನಿಂತಿದ್ದವನಿಗೆ ಅದು ಬರಲಿಲ್ಲ. ಅಂಚೆಯವನು ಮಾತ್ರ, ಹಾಗಾದ್ರೆ ಸಿಡಿಲು ಬಿದ್ದೇ ಇಲ್ವಾ ಎಂದು ಕೇಳಿದ, ನಿಜವಾಗಿಯೂ ಬೇಸರಪಟ್ಟುಕೊಂಡು.

ಬೀದಿಯ ತಿರುವಿನಲ್ಲಿ ಕಾಲು ರೂಢಿಯಂತೆ ಔಷಧಿ ಅಂಗಡಿಯ ಕಡೆ ತಿರುಗಿತು. ಅದನ್ನು ಎಳೆದು ನೇರಕ್ಕೆ ತಂದ. ನಡೆಯುತ್ತ ಹೆಜ್ಜೆಗಳನ್ನು ಜೋಡಿಸಿಕೊಂಡ: ಮೊದಲು ನಮಸ್ಕಾರ. ಆಮೇಲೆ ಅಂಗಡಿ ಹೇಗಿದೆ ಎಂದು ಕೇಳುವುದು. ಮೂರನೆಯದು ಹವೆ. ಬೇಸರದ ಮುಖ ಮಾಡಿದರೆ ಎದ್ದು ನೀರು ಕೇಳುವುದು. ಹದಿನಾಲ್ಕು ಹೆಜ್ಜೆಯಾಗುವಷ್ಟರಲ್ಲಿ ಅಂಗಡಿ ಬಂತು. ಕೈಕಾಲಿಲ್ಲದ ಬೊಂಬೆಗೆ ಅರ್ಧ ಕೋಟು ತೊಡಿಸಿ ದರ್ಜಿ ಅದರ ಭುಜ ಸರಿಮಾಡುತ್ತಿದ್ದ. ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿಗಳು. ಮೇಸ್ತ್ರಿಯನ್ನು ನೋಡಿ ಹುಬ್ಬು ಎತ್ತಿದ, ಸ್ಟೂಲಿನ ಕಡೆಗೆ ಕಣ್ಣಲ್ಲೇ ತೋರಿಸಿದ. ನಮಸ್ಕಾರಕ್ಕೆ ಉತ್ತರ ಬರದಿದ್ದರೆ ಎರಡನೇ ಹೆಜ್ಜೆ ಯಾವುದು ಎಂಬುದನ್ನು ಅವನು ಯೋಚಿಸಿಯೇ ಇರಲಿಲ್ಲ. ಹದಿನಾಲ್ಕೂ ಒಂದರ ಮೇಲೊಂದು ಬಿದ್ದು ತಲೆಯಲ್ಲಿ ಬರೀ ಕೊನೆಯದು ಉಳಿಯಿತು.

"ನಿಮ್ಮ ಗಂಟಲು ಚೆನ್ನಾಗೇ ಇತ್ತು," ಎಂದ. "ನಾನೇ ಕೆಡಿಸಿದ್ದು."

ದರ್ಜಿಯ ಕೈ ಬೊಂಬೆಯ ಭುಜದ ಮೇಲೆ ನಿಂತಿತು. ಬಾಯಿ ತೆರೆಯುವ ಹಾಗಿರಲಿಲ್ಲ. ಮೇಸ್ತ್ರಿ ನಿಂತಲ್ಲೇ ಎಲ್ಲ ಹೇಳಿದ. ಟೀಚರಮ್ಮನ ಅಪ್ಪಣೆ ಹೇಗೂ ಇತ್ತು, ಅವರ ಹಲ್ಲು, ಚಿಕ್ಕ ತೆರೆ, ದಪ್ಪ ಹೆಬ್ಬೆರಳು, ಬೀಗದ ಕೈ ಕೊಟ್ಟ ಎರಡನೇ ದಿನ ಕಂಡದ್ದು, ಕಂಡೂ ಸುಮ್ಮನಿದ್ದದ್ದು, ಸುತ್ತು ದಾರಿ. ಎದುರಿನವನು ಹೂಂ ಎನ್ನದೆ, ಅಯ್ಯೋ ಎನ್ನದೆ, ಸೂಜಿ ಕಚ್ಚಿಕೊಂಡು ನೋಡುತ್ತಿದ್ದದ್ದರಿಂದ ಎಲ್ಲಿ ನಿಲ್ಲಿಸಬೇಕೋ ಗೊತ್ತಾಗದೆ, ಕೇಳದಿದ್ದದ್ದನ್ನೂ ಹೇಳಿದ. ಮುಗಿಯಿತು. ದರ್ಜಿ ಒಂದೊಂದೇ ಸೂಜಿ ತೆಗೆದು ಬೊಂಬೆಯ ಎದೆಗೆ ಚುಚ್ಚಿದ, ಏಳೋ ಎಂಟೋ, ಒಂದನ್ನೂ ಅವಸರ ಮಾಡದೆ. ಅವನು ಮಾತಾಡಿದ್ದು ಬಹಳ ಸಣ್ಣ ದನಿಯಲ್ಲಿ, ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ.

"ಮನೇಲೂ ಜೋರಾಗಿ ಮಾತಾಡೋದು ಬಿಟ್ಟಿದ್ದೆ ಮೇಸ್ತ್ರೀ. ನನ್ನ ದನಿ ಅಂದ್ರೆ ಎದುರಿನವರಿಗೆ ಹಿಂಸೆ ಅಂದ್ಕೊಂಡು. ಹೆಂಡತಿ ಏನೋ ಕೋಪ ಇರ್ಬೇಕು ಅಂತ ತಿಳ್ಕೊಂಡಿದಾಳೆ."

ಮೇಸ್ತ್ರಿಗೆ ಕಾಲಿನ ಕೆಳಗಿನ ಚಿಂದಿ ಬಟ್ಟೆಗಳ ರಾಶಿಯೊಳಗೆ ಒಂದು ಚೂರಾಗಿ ಸೇರಿಹೋಗಬೇಕು ಎನ್ನಿಸಿತು. ಒಂದು ಕೋಣೆಯ ಗುಂಡಿ ಎಂದುಕೊಂಡಿದ್ದ. ಮೂರು ವರ್ಷದಿಂದ ಒಂದು ಮನೆಯ ಊಟ, ಜಗಳ, ಬಾಗಿಲಿನಿಂದ ಬಾಗಿಲಿಗೆ ಕರೆಯುವ ಕರೆ ಎಲ್ಲವನ್ನೂ ತನ್ನ ಹೆಬ್ಬೆರಳು ಹೀಗೆ ಒತ್ತಿ ಹಿಡಿದಿತ್ತೇ. ನಾಳೆ ಹೊಸ ಯಂತ್ರ ಬರುತ್ತವೆ, ಹನ್ನೆರಡನೇ ಕೋಣೆ ಖಾಲಿಯಿದೆ ಎಂದು ಹೇಳಬೇಕೆಂದಿದ್ದ, ಈಗ ಅದನ್ನು ಹೇಳುವ ಮುಖ ಉಳಿದಿರಲಿಲ್ಲ. ದರ್ಜಿಯೇ ಕೇಳಿದ, ಆ ಹಡಗಿನ ಪುಸ್ತಕವನ್ನು ಆಮೇಲೆ ಯಾರು ಓದಿ ಮುಗಿಸಿದರು ಎಂದು. ಯಾರೂ ಇಲ್ಲ, ಇನ್ನೂರ ಹನ್ನೆರಡನೇ ಪುಟದಲ್ಲಿ ಗುರುತಿನ ಕಾಗದ ಹಾಗೇ ಇದೆ ಎಂದ ಮೇಸ್ತ್ರಿ. ದಡ ಕಾಣುತ್ತಿದೆ ಎಂದು ಕಂಬದ ಮೇಲಿನವನು ಕೂಗುವ ಜಾಗ ಅದು ಎಂದು ದರ್ಜಿ ನೆನಪಿಸಿಕೊಂಡ. ಮುಂದಿನದನ್ನು ತಾನೂ ಓದಿರಲಿಲ್ಲ. ಕೇಳುವವರಿಗಿಂತ ಮುಂಚೆ ಓದಿಕೊಳ್ಳುವುದು ಮೋಸ ಎಂದು ಅವನ ಲೆಕ್ಕ. ಕೆಲವರು ಇನ್ನೂ ಕೇಳಿ ಬರೆಯುತ್ತಾರೆ, ದಡ ಸಿಕ್ಕಿತೇ ಎಂದು, ಎಂದ ಮೇಸ್ತ್ರಿ. ಇದು ಸುಳ್ಳಾಗಿರಲಿಲ್ಲ, ಎರಡು ಕಾಗದ ಅವನೇ ನೋಡಿದ್ದ; ಆದರೂ ಹೇಳಿದ ಮೇಲೆ ತನ್ನ ಬಾಯಿಂದ ಬಂದದ್ದೆಂದು ಅವನಿಗೇ ಒಂದು ಗಳಿಗೆ ಅನುಮಾನವಾಯಿತು.

ದರ್ಜಿ ಬೊಂಬೆಯ ಕೋಟನ್ನು ಎರಡು ಸಲ ಸವರಿದ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಸ್ಟೂಲನ್ನು ಕಾಲಿನಿಂದ ಮೇಸ್ತ್ರಿಯ ಕಡೆಗೆ ತಳ್ಳಿ, ಬಾಗಿಲ ಬಳಿ ಹೋಗಿ, ಚೌಕಟ್ಟು ಹಿಡಿದು ನಿಂತ. ಬೀದಿಯ ಆಚೆ ಬದಿಗೆ ಚಹಾದ ಅಂಗಡಿ. ಇಷ್ಟು ವರ್ಷ ಅಲ್ಲಿಂದ ಚಹಾ ಬೇಕೆಂದರೆ ಅವನು ಬೀದಿ ದಾಟಿ ಹೋಗಿ, ಬೆರಳಲ್ಲಿ ತೋರಿಸಿ, ತಾನೇ ತಂದುಕೊಳ್ಳುತ್ತಿದ್ದನಂತೆ, ಅದನ್ನು ಮೇಸ್ತ್ರಿಗೆ ಚಹಾದವನು ಆಮೇಲೆ ಹೇಳಿದ. ದರ್ಜಿ ಗಂಟಲು ಸರಿಮಾಡಿಕೊಂಡ. ಕತ್ತೆತ್ತಿದ. ಎರಡು ಚಹಾ ಎಂದು ಕೂಗಿದ. ತೆಳ್ಳಗಿನ, ಬೆಳ್ಳಗಿನ ಆ ಧ್ವನಿ ಸ್ಕೂಟರುಗಳ ಮೇಲೆ ಹಾದು, ಹಣ್ಣಿನ ಗಾಡಿಯ ಮೇಲೆ ಹಾದು ಬೀದಿ ದಾಟಿತು. ಮೂರನೇ ಮಹಡಿಯ ಕಿಟಕಿಯೊಂದು ತೆರೆಯಿತು, ತಂತಿಯ ಮೇಲಿನ ಹಕ್ಕಿಗಳು ಒಟ್ಟಿಗೇ ಎದ್ದವು. ಚಹಾದವನು ಕೆಟಲು ಹಿಡಿದುಕೊಂಡೇ ಹೊರಗೆ ಬಂದು, ಯಾರು ಹೊಸಬರು ಬಂದಿದ್ದಾರೆ ಎಂದು ಬೀದಿಯ ಉದ್ದಕ್ಕೂ ಹುಡುಕತೊಡಗಿದ.